ಮರದ ಚೆಂಬಿಗೆ ಹಿತ್ತಾಳೆಯ ಹೊಳಪು

ಬನ್ನಿ, ಗೋಡೆಗೆ ಒರಗಿ ಕಾಲು ಚಾಚಿ ಕೂತುಕೊಳ್ಳಿ. ಚಹಾ ಬೇಕಾದರೆ ಈಗಲೇ ಹೇಳಿ, ನಡುವೆ ನಾನು ಏಳುವವಳಲ್ಲ. ಬಣ್ಣದ ಕೆಲಸದವರನ್ನು ಕಟ್ಟಿಕೊಂಡವಳ ಮನೆಯಲ್ಲಿ ಯಾರದಾದರೂ ಕಣ್ಣು ಮೋಸಹೋಗದ ದಿನವೇ ಇರುವುದಿಲ್ಲ.

ಎಪ್ಪತ್ತರ ದಶಕದ ಕೊನೆ. ನಾವು ಡೊಂಬಿವಲಿಯ ಚಾಳಿನ ಒಂದು ಖೋಲಿಯಲ್ಲಿ, ಅಂದರೆ ಒಂದೇ ಕೋಣೆಯ ಮನೆಯಲ್ಲಿದ್ದೆವು. ಇವರು, ಅಂದರೆ ನನ್ನ ಯಜಮಾನರು, ಕಬ್ಬಿಣದ ಕಪಾಟುಗಳಿಗೆ ಬಣ್ಣ ಹೊಡೆಯುತ್ತಿದ್ದ ಕಾರ್ಖಾನೆ ಮುಚ್ಚಿಹೋಗಿತ್ತು. ಅಂಬರನಾಥದ ಇನ್ನೊಂದು ಕಾರ್ಖಾನೆಯ ಸಾಹೇಬರು ಇವರಿಗೆ ಒಂದು ಪರೀಕ್ಷೆ ಇಟ್ಟರು. ಅವರ ದೊಡ್ಡ ಬಾಯ್ಲರಿನ ಗೇಣುದ್ದದ ಮಾದರಿ, ಬರೀ ಮರದ್ದು. ಪ್ರದರ್ಶನದಲ್ಲಿ ನೋಡಿದವರಿಗೆ ಅದು ಲೋಹವೆಂದೇ ಕಾಣಬೇಕು. ಕಂಡರೆ ಪರ್ಮನೆಂಟ್ ಕೆಲಸ. ಕಾಣದಿದ್ದರೆ ನಾವು ಗಂಟುಮೂಟೆ ಕಟ್ಟಿ ಉಡುಪಿಯ ಬಸ್ಸು ಹತ್ತುವುದೇ.

೧. ಲೋಟ ನೋಡುವ ಕೆಲಸ

ನಾನಾಗಿದ್ದರೆ ಬೆಳ್ಳಿ ಪೇಂಟಿನ ಡಬ್ಬಿ ತಂದು ಬಳಿದು ಮುಗಿಸುತ್ತಿದ್ದೆ. ಇವರು ನನ್ನ ಸ್ಟೀಲ್ ಲೋಟವನ್ನು ಕಿಟಕಿಯಲ್ಲಿಟ್ಟು ಎರಡು ದಿನ ಬರೇ ನೋಡಿದರು. ಬ್ರಶ್ ಮುಟ್ಟಲಿಲ್ಲ. ನಾನು ವಹಿನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದ ಪಕ್ಕದ ಖೋಲಿಯ ಮರಾಠಿ ಹೆಂಗಸು ನನ್ನನ್ನು ನಲ್ಲಿಯ ಹತ್ತಿರ ಕರೆದು, "ಕೆಲಸ ಹೋದ ಗಂಡಸರಿಗೆ ಹೀಗಾಗುತ್ತದೆ. ನನ್ನ ಮೈದುನ ಗೋಡೆ ನೋಡುತ್ತಿದ್ದ" ಎಂದು ದೃಷ್ಟಿ ತೆಗೆಯಲು ಒಂದು ನಿಂಬೆಹಣ್ಣು ಕೊಟ್ಟಳು.

ನಿಂಬೆ ಹಿಡಿದು ಒಳಗೆ ಬಂದರೆ ಇವರದೊಂದು ಪ್ರಶ್ನೆ. "ಈ ಲೋಟದ ಬಣ್ಣ ಯಾವುದು?"

"ಬೆಳ್ಳಿ ಬಣ್ಣ. ಮತ್ತೆಂತ?"

"ಸರಿಯಾಗಿ ನೋಡು ಮಾರಾಯ್ತಿ."

ನೋಡಿದೆ. ಮೇಲೆ ಕಿಟಕಿಯ ಆಕಾಶ, ತೆಳು ನೀಲಿ. ಕೆಳಗೆ ನೆಲದ ಕಾವಿ. ನಡುವೆ ಕಾಡಿಗೆಯಂಥ ಒಂದು ಕಪ್ಪು ಗೆರೆ, ಅದಕ್ಕೆ ತಾಗಿಯೇ ಸುಣ್ಣದಂಥ ಬಿಳಿ ಗೆರೆ. ಬೆಳ್ಳಿ ಎಲ್ಲೂ ಇಲ್ಲ!

"ಸ್ಟೀಲಿಗೆ ತನ್ನದೆಂಬ ಬಣ್ಣವೇ ಇಲ್ಲ. ಎದುರಿಗಿದ್ದದ್ದೇ ಅದರ ಬಣ್ಣ. ಅದರೊಳಗೆ ಏನು ಕಾಣುತ್ತದೋ ಅದನ್ನೇ ಬರೆಯಬೇಕು" ಎಂದರು.

ನನ್ನ ಮೈ ಜುಂ ಎಂದಿತು. ದಿನಕ್ಕೆರಡು ಸಲ ತಿಕ್ಕುವ ಲೋಟ, ಒಂದು ದಿನವೂ ನಾನು ಅದನ್ನು ನೋಡಿರಲಿಲ್ಲ! ಆ ಭಕ್ತಿಗೆ ನಿಂಬೆಹಣ್ಣು ಹಿಂಡಿ ಪಾನಕ ಮಾಡಿ ತಂದುಕೊಟ್ಟೆ. ಇವರು ಕಣ್ಣು ಕೆಂಪು ಮಾಡಿದರು. ಪಾನಕ ತಂದದ್ದು ಅದೇ ಲೋಟದಲ್ಲಿ.

೨. ತಕ್ಕಡಿಗೆ ಬಿದ್ದ ಏಟು

ಮಾದರಿ ಬಾಯ್ಲರಿನ ಹೊಟ್ಟೆ ಸ್ಟೀಲಿನ ಹಾಗೆಯೇ ತಯಾರಾಯಿತು. ಒಣಗಿದ ಮೇಲೆ ಹೊಸ್ತಿಲಲ್ಲಿ ಇಟ್ಟಿದ್ದೆ. ಉಲ್ಹಾಸನಗರದಿಂದ ಹಳೆ ಕಬ್ಬಿಣ ಕೊಳ್ಳಲು ಬರುತ್ತಿದ್ದ ಭಂಗಾರವಾಲಾ ಕಂಡವನೇ, "ಭಾಭಿ, ಈ ತುಂಡು ಕೊಡುತ್ತೀರಾ?" ಎಂದು ಭಾರಕ್ಕೆ ತಕ್ಕ ಹಾಗೆ ಸೊಂಟ ಬಿಗಿದು ಎರಡೂ ಕೈಯಲ್ಲಿ ಎತ್ತಿದ. ಅದು ಹಾರಿ ಅವನ ಹಣೆಗೇ ಬಡಿಯಿತು.

ನಾನು ಬಾಯಿ ಬಿಡುವಷ್ಟರಲ್ಲಿ ತಕ್ಕಡಿಯ ಒಂದು ತಟ್ಟೆಗೆ ತೂಕದ ಕಲ್ಲು, ಇನ್ನೊಂದಕ್ಕೆ ಇದನ್ನು ಹಾಕಿದ. ತಟ್ಟೆ ಅಲುಗಲಿಲ್ಲ. ಸರಪಳಿ ಜಾಡಿಸಿದ. ಅಲುಗಲಿಲ್ಲ. ತಕ್ಕಡಿಗೆ ಎರಡು ಗುದ್ದಿದ.

"ಅದು ಮರ ಅಣ್ಣಾ" ಎಂದೆ.

ನಂಬಲಿಲ್ಲ. ಉಗುರಿನಿಂದ ತಟ್ಟಿ ನೋಡಿದ. ಟಕ್ ಎಂದಿತು. ಕಿವಿ ಮುಟ್ಟಿಕೊಂಡು ಕಿಟಕಿಯಲ್ಲಿ ಕೂತಿದ್ದ ಇವರಿಗೆ ದೂರದಿಂದಲೇ ಕೈಮುಗಿದ. ಇಡೀ ಚಾಳಿಗೆ ವರ್ಷಗಟ್ಟಲೆ ಸುಳ್ಳು ಹೇಳಿದ ತಕ್ಕಡಿ ಅದು. ಒಂದೇ ಒಂದು ದಿನ ನಿಜ ಹೇಳಿತು, ಅವತ್ತೇ ಏಟು ತಿಂದಿತು.

೩. ಅತ್ತೆಯ ಹುಣಸೆಹುಳಿ

ಬಾಯ್ಲರಿನ ತಲೆಯ ಮೇಲೆ ಕೂರುವುದು ಹಿತ್ತಾಳೆಯ ಗುಮ್ಮಟ, ನೋಡಲಿಕ್ಕೆ ಪುಟ್ಟ ಚೆಂಬಿನ ಹಾಗೆ. ಅದಕ್ಕೇ ನಾಲ್ಕು ದಿನ ಹಿಡಿಯಿತು. ಹಳದಿ, ಕಂದು, ಮೂಲೆಯಲ್ಲಿ ಸ್ವಲ್ಪ ಹಸಿರು. ಕೊನೆಗೆ ಸಾಸಿವೆಯಷ್ಟು ಬಿಳಿ ಚುಕ್ಕೆ ಇಟ್ಟರು ನೋಡಿ, ಮರಕ್ಕೆ ಜೀವ ಬಂತು.

ಮರುದಿನ ಸಾಹೇಬರಿಗೆ ಒಪ್ಪಿಸುವುದು. ಬಣ್ಣ ಕೈಗಂಟದ ಹಾಗೆ ವಾರ್ನಿಶ್ ಹಚ್ಚಬೇಕಿತ್ತು, ತರಲು ಇವರು ಹೋದರು. ನಾನು ಸೀಮೆಎಣ್ಣೆಯ ಸಾಲಿನಲ್ಲಿ. ಮನೆಯಲ್ಲಿ ಊರಿನಿಂದ ಹಿಂದಿನ ದಿನವಷ್ಟೇ ಬಂದ ಅತ್ತೆ ಒಬ್ಬರೇ. ನಾಳೆ ಶುಕ್ರವಾರದ ಪೂಜೆ, ಹಿತ್ತಾಳೆ ಕಂಡರೆ ಅವರು ಸುಮ್ಮನೆ ಕೂರುತ್ತಾರಾ?

ನಾವು ಬಂದಾಗ ಪಾತ್ರೆ ತೊಳೆಯುವ ಮೂಲೆಯಲ್ಲಿ ಕೂತಿದ್ದರು, ಕೈ ತುಂಬ ಹುಣಸೆಹುಳಿ. "ಮಗಾ, ಅಂಗಡಿಯವ ನಿನಗೆ ಟೊಪ್ಪಿ ಹಾಕಿದ್ದಾನೆ. ತಿಕ್ಕಿದ ಹಾಗೆ ಹಿತ್ತಾಳೆ ಹೋಗುತ್ತದೆ, ಒಳಗೆ ಬರೀ ಮರ!"

ನಾನು ಅಳಲು ಸುರುಮಾಡಿದೆ. ಇವರು ಗುಮ್ಮಟವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಆಮೇಲೆ ಮುಖ ಅರಳಿತು. "ಅಮ್ಮಾ, ಜೀವಮಾನವಿಡೀ ಹಿತ್ತಾಳೆ ತಿಕ್ಕಿದ ಕೈ ನಿನ್ನದು. ನೀನೇ ನಂಬಿದ ಮೇಲೆ ಸಾಹೇಬರು ಯಾವ ಲೆಕ್ಕ!"

ಆಗಿಂದಾಗಲೇ ಮತ್ತೆ ಸುರು. ಕಿಟಕಿಯಲ್ಲಿ ನಮ್ಮ ನಿಜವಾದ ಹಿತ್ತಾಳೆ ಚೆಂಬು. ಬೆಳಕು ಬೀಳಲೆಂದು ಬಿಳಿ ಕಾಗದ ಎತ್ತಿ ಹಿಡಿದು ಅದರ ಎದುರು ಕೂತವಳು ನಾನು. "ಅಲುಗಬೇಡ, ಕತ್ತಲಾಗುವ ಮೊದಲು ಮುಗಿಯಬೇಕು" ಎಂದರು. ಅತ್ತೆ ಕೈ ಹಿಂದೆ ಕಟ್ಟಿಕೊಂಡು ದೂರ ನಿಂತರು. "ನಾನು ಮುಟ್ಟುವುದಿಲ್ಲಪ್ಪಾ. ಒಣಗಿದ ಮೇಲೆ ಒಂದು ಸಲ ಬೂದಿಯಲ್ಲಿ ಒರಸಲಾ?"

೪. ಚೆಂಬಿನೊಳಗಿನ ಹೆಂಗಸು

ಮರುದಿನ ಬಾಯ್ಲರಿನ ಹೊಟ್ಟೆ ಇವರ ಕೈಯಲ್ಲಿ, ಗುಮ್ಮಟ ನನ್ನ ಮಡಿಲಲ್ಲಿ. ಲೋಕಲ್ ಹತ್ತಿ ಅಂಬರನಾಥಕ್ಕೆ ಹೋದೆವು. ನನ್ನ ಮೈಮೇಲೆ ನಿನ್ನೆಯದೇ ಕೆಂಪು ಸೀರೆ, ಬೇರೆ ಒಳ್ಳೆಯದು ಇರಲಿಲ್ಲ.

ಇವರು ಎರಡನ್ನೂ ಜೋಡಿಸಿ ಮೇಜಿನ ಮೇಲೆ ಇಟ್ಟರು. ಸಾಹೇಬರ ಜೊತೆಗಿದ್ದ ಫೋರ್ಮನ್ ಬಗ್ಗಿ, ಗುಮ್ಮಟದಲ್ಲಿ ತನ್ನ ಮುಖ ಕಾಣುತ್ತದೆಂದು ಕ್ರಾಪು ಸರಿಮಾಡಿಕೊಳ್ಳಲು ಹೋದ. ಕಾಣದೆ ಗಾಬರಿಯಾದ. ಸಾಹೇಬರು ಭೂತಗನ್ನಡಿ ತೆಗೆದರು.

"ಇದೇನು ಕೆಂಪು?"

ಇವರು ಬಗ್ಗಿ ನೋಡಿದರು, ಮುಖ ಬೆಳ್ಳಗಾಯಿತು. ಅವಸರದಲ್ಲಿ ಚೆಂಬಿನೊಳಗೆ ಕಂಡದ್ದನ್ನೆಲ್ಲ ಬರೆದುಬಿಟ್ಟಿದ್ದರು. ಕಿಟಕಿಯ ಸರಳು, ಅದರ ಕೆಳಗೆ ಅಕ್ಕಿಕಾಳಿನಷ್ಟು ಕೆಂಪು ಸೀರೆಯ ಹೆಂಗಸು, ತುರುಬು ಸಮೇತ, ಕೈಯಲ್ಲಿ ಕಾಗದ!

"ನಮ್ಮ ಬಾಯ್ಲರಿನಲ್ಲಿ ಹೆಂಗಸು ಯಾಕೆ ಕೂತಿದ್ದಾಳೆ?"

ಕೆಲಸ ಹೋಯಿತೆಂದು ಬಾಗಿಲ ಹತ್ತಿರವಿದ್ದ ನನಗೆ ತಡೆಯಲಾಗಲಿಲ್ಲ. "ಅಲುಗಬೇಡ ಎಂದು ಅವರೇ ಹೇಳಿದ್ದು ಸಾಹೇಬರೇ!"

ಸಾಹೇಬರು ನನ್ನ ಸೀರೆ ನೋಡಿದರು. ಭೂತಗನ್ನಡಿಯಲ್ಲಿ ಗುಮ್ಮಟ ನೋಡಿದರು. ಮತ್ತೆ ನನ್ನನ್ನು ನೋಡಿದರು. ಆಫೀಸಿಗೆ ಆಫೀಸೇ ನಕ್ಕಿತು. ಇವರು ಅಳಿಸಲು ಬ್ರಶ್ ತೆಗೆದರೆ ಸಾಹೇಬರು ಕೈ ಹಿಡಿದರು. "ಬೇಡ. ನಾಳೆಯಿಂದ ಕೆಲಸಕ್ಕೆ ಬನ್ನಿ. ಒಂದೇ ಷರತ್ತು, ನೀವು ಬಣ್ಣ ಹಚ್ಚುವಾಗ ಈ ಫೋರ್ಮನ್ ಎದುರಿಗೆ ಕೂರಬಾರದು."

ಆಮೇಲೆ? ವಹಿನಿ ಮಗನ ಜೊತೆ ನೆರೂಳಿಗೆ ಹೋದಳು, ಯಾರಿಗೆ ತಲೆನೋವು ಬಂದರೂ ನಿಂಬೆಹಣ್ಣೇ ಕೊಡುತ್ತಾಳಂತೆ. ಭಂಗಾರವಾಲಾ ಉಲ್ಹಾಸನಗರದಲ್ಲಿ ಅಂಗಡಿ ಹಾಕಿದ, ಉಗುರಿನಿಂದ ತಟ್ಟದೆ ಏನನ್ನೂ ಎತ್ತುತ್ತಿರಲಿಲ್ಲ. ಅತ್ತೆ ಕೊನೆಯವರೆಗೂ ದೇವರ ದೀಪವನ್ನು ಸಹ ತಟ್ಟಿ ನೋಡಿಯೇ ತಿಕ್ಕಿದರು. ಸಾಹೇಬರು, ಫೋರ್ಮನ್ ಇಬ್ಬರೂ ರಿಟೈರಾಗಿ ಹೋದರು. ಇವರು ಅದೇ ಕಾರ್ಖಾನೆಯಲ್ಲಿ ಕೊನೆಯವರೆಗೂ ದುಡಿದರು. ಈಗ ಇಲ್ಲ. ಲೋಟ ಇದೆ, ಕಿಟಕಿಯಲ್ಲೇ ಇಟ್ಟಿದ್ದೇನೆ.

ನಾನೋ? ಆ ಕಾರ್ಖಾನೆಯವರು ಗಾಜಿನ ಪೆಟ್ಟಿಗೆಯಲ್ಲಿಟ್ಟ ಗುಮ್ಮಟದೊಳಗೆ ಕೆಂಪು ಸೀರೆ ಉಟ್ಟು, ಕಾಗದ ಹಿಡಿದು ಕೂತಿದ್ದೇನೆ. ಏಳಬಹುದು ಎಂದು ಇವರು ಇನ್ನೂ ಹೇಳಿಲ್ಲ.