ಲೈನ್‌ಮ್ಯಾನ್ ಬಂದಾಗ ಮಾತ್ರ ಹಸಿರಾಗುವ ದೀಪ

ಮಾನ್ಯ ಬ್ರಾಡ್‌ಬ್ಯಾಂಡ್ ಕಂಪನಿಯ ವ್ಯವಸ್ಥಾಪಕರೇ,

ಊರಾಚೆಯ ಹಿಟ್ಟಿನ ಗಿರಣಿಯ ಮನೆಯಿಂದ, ಮೈಮೇಲಿನ ಹಿಟ್ಟು ಕೊಡವಿಕೊಂಡು, ಎರಡೂ ಕೈ ಜೋಡಿಸಿ ನಮಸ್ಕರಿಸುತ್ತೇನೆ. ತಾವು ಕ್ಷೇಮವೆಂದು ತಮ್ಮ ಸಹಾಯವಾಣಿಗೆ ಕರೆ ಮಾಡಿದಾಗಲೆಲ್ಲ ಖಾತ್ರಿಯಾಗುತ್ತದೆ. ಅಷ್ಟು ಹೊತ್ತು, ಅಷ್ಟು ನಿರಾಳವಾಗಿ ಸಂಗೀತ ಕೇಳಿಸುವ ಸಂಸ್ಥೆಗೆ ಯಾವ ಚಿಂತೆಯೂ ಇರಲಾರದು.

ಹಳ್ಳಿಯ ಮನೆಗೂ ಎಡೆಬಿಡದ ಬ್ರಾಡ್‌ಬ್ಯಾಂಡ್ ಎಂಬ ತಮ್ಮ ಮಾತನ್ನು ನಂಬಿ ನನ್ನ ಹೆಂಡತಿ ಮನೆಯಲ್ಲೇ ಕೂತು ಪರದೆಯ ಮೇಲೆ ಮಕ್ಕಳಿಗೆ ಗಣಿತ ಕಲಿಸುವ ಕೆಲಸಕ್ಕೆ ಅರ್ಜಿ ಹಾಕಿದಳು. ಸೋಮವಾರ ಒಂದು ಪಾಠ ಮಾಡಿ ತೋರಿಸಿ, ನಡುವೆ ಕಡಿಯದಿದ್ದರೆ ಕೆಲಸ ನಿಮ್ಮದೇ ಎಂದರು ಶಾಲೆಯವರು. ತನ್ನ ಅಕ್ಕನ ಮಕ್ಕಳನ್ನು ಪರದೆಯ ಆ ಕಡೆ ಕೂರಿಸಿ ಅಭ್ಯಾಸ ಶುರು ಮಾಡಿದ್ದೇ ತಡ, ತಮ್ಮ ಇಂಟರ್ನೆಟ್ ಡಬ್ಬಿಯಲ್ಲಿ ಕೆಂಪು ದೀಪ ಬಂತು. ಭಿನ್ನರಾಶಿಯ ಅಂಶ ಹೇಳಿ ಛೇದಕ್ಕೆ ಬರುವಷ್ಟರಲ್ಲಿ ಪರದೆಯಲ್ಲಿ ಅವಳ ಮುಖ ಬಾಯಿ ತೆರೆದಂತೆಯೇ ಕಲ್ಲಾಗುತ್ತಿತ್ತು. ಕೆಲಸ ಕೈತಪ್ಪೀತೆಂದು ಅವಳಿಗೆ ಊಟ ಸೇರದು. ಅವಳಿಗೆ ಸೇರದ ಮೇಲೆ ನನಗೆ ಬಡಿಸುವವರಾರು?

ತಮ್ಮ ಲೈನ್‌ಮ್ಯಾನ್ ಮಾತ್ರ ಬಂಗಾರದಂಥ ಮನುಷ್ಯ. ಕರೆದಾಗಲೆಲ್ಲ ಬಂದರು. ಅವರು ಹೊಸ್ತಿಲು ದಾಟಿದ ಕೂಡಲೇ ದೀಪ ಹಸಿರು, ಚಪ್ಪಲಿ ಮೆಟ್ಟಿ ಗೇಟು ದಾಟಿದ ಕೂಡಲೇ ಕೆಂಪು. ಎಲ್ಲ ಸರಿಯಾಗಿಯೇ ಇದೆಯಲ್ಲ ಎಂದು ಅವರು ನೋಡುತ್ತಿದ್ದ ನೋಟಕ್ಕೆ, ನಾನೇ ಸುಳ್ಳು ಹೇಳುತ್ತಿದ್ದೇನೇನೋ ಎಂದು ನನಗೇ ಅನುಮಾನ ಹುಟ್ಟಿತು. ಅವರು ಮರೆತುಹೋದ ಟೋಪಿಯನ್ನು ಡಬ್ಬಿಯ ಮೇಲಿಟ್ಟು ನೋಡಿದೆವು, ಪ್ರಯೋಜನವಾಗಲಿಲ್ಲ. ಆದಕಾರಣ ಅವರನ್ನು ನಮ್ಮ ಮನೆಗೇ ಖಾಯಮ್ಮಾಗಿ ಬಿಟ್ಟುಕೊಡಬೇಕೆಂದೂ, ಅವರ ಸಂಸಾರಕ್ಕೆ ನಮ್ಮ ಮಹಡಿಯ ಕೋಣೆ ಖಾಲಿಯಿದೆಯೆಂದೂ, ಅದಾಗದಿದ್ದರೆ ಅವರದೊಂದು ಆಳೆತ್ತರದ ಫೋಟೊವನ್ನಾದರೂ ಕಳಿಸಬೇಕೆಂದೂ ಬೇಡಿಕೊಳ್ಳುವವನಿದ್ದೆ.

ಅಷ್ಟರಲ್ಲಿ ಗುಟ್ಟು ಬಯಲಾಯಿತು. ಗಿರಣಿ ನಡೆಸುವವಳು ನನ್ನ ಅಮ್ಮ. ಮನೆಗೆ ಹೊರಗಿನವರು ಬಂದರೆ ಮಾತು ಕೇಳಿಸಲೆಂದು ಗಿರಣಿ ನಿಲ್ಲಿಸುವುದು ಅವಳು ಪಾಲಿಸಿಕೊಂಡು ಬಂದ ಮರ್ಯಾದೆ. ಶನಿವಾರ ಲೈನ್‌ಮ್ಯಾನ್ ಮತ್ತೆ ಬಂದಾಗ, ಇಷ್ಟು ಸಲ ಬಂದವರು ಇನ್ನೆಂಥ ಹೊರಗಿನವರು, ಮನೆಯವರೇ ಆದರಲ್ಲ ಎಂದು ಅಮ್ಮ ಗಿರಣಿ ನಿಲ್ಲಿಸಲಿಲ್ಲ. ಅವರ ಕಣ್ಣೆದುರೇ ದೀಪ ಕೆಂಪಾಯಿತು. ಗಿರಣಿಯ ಗೋಡೆಗೆ ತಮ್ಮವರೇ ಮೊಳೆ ಹೊಡೆದು ಕೂರಿಸಿದ್ದ ಡಬ್ಬಿ ಗಡಗಡ ನಡುಗುತ್ತಿತ್ತು, ವೈರು ತೂತಿನಿಂದ ಹೊರಗೆ ಇಣುಕುತ್ತಿತ್ತು. ಎದುರು ಗೋಡೆಗೆ ಸರಿಸಲು ಉದ್ದದ ವೈರು ಬೇಕೆಂದರೆ, ಅದು ದಾಸ್ತಾನಿನಲ್ಲಿಲ್ಲವೆಂದು ತಮ್ಮ ಕಚೇರಿ ವಿನಯದಿಂದ ತಿಳಿಸಿತು.

ಸೋಮವಾರ ಗಿರಣಿಯ ಸಾಲು ಬಾಗಿಲಾಚೆಗೂ ಬೆಳೆದಿತ್ತು. ಗಿರಣಿ ನಿಲ್ಲಿಸಿ ಎಂದು ಕೇಳಲು ಹೆಂಡತಿಗೆ ಧೈರ್ಯವಿಲ್ಲ. ಮನೆಯವರಿಗಾಗಿ ಆ ಗಿರಣಿ ಯಾವತ್ತೂ ನಿಂತದ್ದಿಲ್ಲ, ನಮ್ಮ ಮದುವೆಯ ದಿನವೂ ಮಧ್ಯಾಹ್ನದ ಮೇಲೆ ಓಡಿತ್ತು. ಅಮ್ಮ ತಾನಾಗಿಯೇ ಸ್ವಿಚ್ಚು ಆರಿಸಿ ಸಾಲಿನತ್ತ ತಿರುಗಿದಳು. "ನನ್ನ ಸೊಸೆ ಪಾಠ ಮಾಡ್ತಾಳೆ. ಯಾರಿಗೂ ಅವಸರ ಇಲ್ಲ ತಾನೆ?" ಅವಸರವಿದ್ದವರೂ ಕಾಳಿನ ಡಬ್ಬ ಕೆಳಗಿಟ್ಟು ಕೂತರು. ಪಾಠ ಕಡಿಯಲಿಲ್ಲ, ಕೆಲಸ ಸಿಕ್ಕಿತು. ಸಂತೋಷಕ್ಕೆ ನನ್ನ ಕಣ್ಣು ತುಂಬಿತು. ಹಿಟ್ಟು ಬಿತ್ತೆಂದು ಹೇಳಿ ಒರೆಸಿಕೊಂಡೆ.

ಈಗ ದಿನವೂ ಪಾಠದ ಹೊತ್ತಿಗೆ ಗಿರಣಿ ನಿಲ್ಲುತ್ತದೆ. ಕಾದು ಕೂತ ಗಿರಾಕಿಗಳು ಭಿನ್ನರಾಶಿ ಮುಗಿಸಿ ದಶಮಾಂಶಕ್ಕೆ ಬಂದಿದ್ದಾರೆ, ಅಮ್ಮನ ತಕ್ಕಡಿಯಲ್ಲೇ ತಪ್ಪು ಹುಡುಕುತ್ತಿದ್ದಾರೆ. ಅವರು ಇನ್ನೂ ಜಾಣರಾಗುವ ಮೊದಲು ಆ ಉದ್ದದ ವೈರನ್ನು ಕಳಿಸಿ ನಮ್ಮನ್ನು ಉಳಿಸಬೇಕಾಗಿ ಕಳಕಳಿಯಿಂದ ಪ್ರಾರ್ಥಿಸುತ್ತೇನೆ.

ತಮ್ಮ ವಿಶ್ವಾಸಿ,
ಗಿರಣಿಯಮ್ಮನ ಮಗ, ಗಣಿತದ ಮೇಡಂ ಅವರ ಗಂಡ

ತಾ.ಕ.: ನಮ್ಮ ದೂರು ತೃಪ್ತಿಕರವಾಗಿ ಬಗೆಹರಿದಿದೆಯೆಂದು ತಾವೇ ಘೋಷಿಸಿ, ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಎಂದು ಕೇಳಿದ್ದೀರಿ. ಐದನ್ನೂ ಒತ್ತಿದ್ದೇನೆ. ಆದರೆ ಇಷ್ಟು ದಿನದ ಒಡನಾಟದಲ್ಲಿ ತಾವೂ ಮನೆಯವರೇ ಆದಿರೆಂದು ಅಮ್ಮ ಗಿರಣಿ ನಿಲ್ಲಿಸಲಿಲ್ಲ; ನಕ್ಷತ್ರಗಳು ಇನ್ನೂ ಇಲ್ಲೇ ಪರದೆಯ ಮೇಲೆ ಗಿರಗಿರ ಸುತ್ತುತ್ತಿವೆ.