ಹರಕೆಯ ಕಾಯಿ ಮತ್ತು ಪಾದಚಾರಿ ಪ್ರಾಧಿಕಾರ

ಸಿಯಾಟಲ್ ಸುತ್ತಮುತ್ತ ಸರ್ಕಾರ ಕೈಗೊಂಡ ಪ್ರತಿಯೊಂದು ತೀರ್ಮಾನದ ಹಿಂದೆಯೂ ನನ್ನ ಕೈ ಇದೆ. ಇದು ಸುಳ್ಳು. ನನ್ನ ಕೈ ಇದ್ದದ್ದು ಒಂದೇ ಒಂದು ತೀರ್ಮಾನದ ಹಿಂದೆ, ಅದೂ ಕೊಬ್ಬರಿ ಚೂರಿಗೆ ಚಾಚಿದ್ದು. ಆದ್ದರಿಂದ ಈ ಸಂಗತಿಯನ್ನು ನನ್ನಷ್ಟು ಅಧಿಕೃತವಾಗಿ ಹೇಳಬಲ್ಲವರು ಇನ್ನೊಬ್ಬರಿಲ್ಲ.

ಸಿಯಾಟಲ್ ಪಕ್ಕದ ಕೆನ್ಮೋರ್‌ನಲ್ಲಿ ಮನೆಗಳಿಗೂ ಕೆರೆಯ ದಂಡೆಗೂ ನಡುವೆ ಆರು ಸಾಲಿನ ಹೆದ್ದಾರಿ ಇದೆ. ದಾಟುವವರು ಕಂಬದ ಮೇಲಿನ ಬಟನ್ ಒತ್ತಿದರೆ ಕಾರುಗಳಿಗೆ ಕೆಂಪು ದೀಪ ಬೀಳಬೇಕು. 2014ರ ಮಾರ್ಚ್‌ನಿಂದ ಬೀಳುತ್ತಿರಲಿಲ್ಲ. ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ, ಏಕೆಂದರೆ ಆ ಭಾಗದಲ್ಲಿ ಕಾರು ಓಡಿಸಲು ಬಾರದವರು ಇಬ್ಬರೇ ಇದ್ದರು. ರಸ್ತೆಯ ಈಚೆ ಬದಿಯಲ್ಲಿ ಗದಗಿನ ಸೋಮವ್ವ, ಆಚೆ ಕೆರೆಯ ಬದಿಯಲ್ಲಿ ಮಂಡ್ಯದ ಜವರಮ್ಮ. ಪಕ್ಕದೂರಾದ ಬಾಥೆಲ್ ಕಡೆಯ ಗುಡಿಯಲ್ಲಿ ಇಬ್ಬರಿಗೂ ಪರಿಚಯವಾಗಿತ್ತು. ದಿನಾ ಸಂಜೆ ಕೆರೆಯ ಬೆಂಚಿನ ಮೇಲೆ ಜೊತೆಗೆ ಕೂರುವುದು ರೂಢಿಯಾಗಿತ್ತು. ಬಟನ್ ಕೆಟ್ಟ ಮೇಲೆ ಆಚೆಗೊಬ್ಬರು ಈಚೆಗೊಬ್ಬರು ನಿಂತು ಕೈಸನ್ನೆಯಲ್ಲಿ ಮಾತಾಡತೊಡಗಿದರು. ಎರಡೂ ಅಂಗೈ ತಟ್ಟಿದರೆ ಇವತ್ತು ರೊಟ್ಟಿ ಬಡಿದೆ ಎಂದು ಅರ್ಥ. ಹಣೆ ಬಡಿದುಕೊಂಡರೆ ಸೊಸೆಯ ವಿಷಯ. ನಡುವೆ ಲಾರಿ ಬಂದರೆ ಮಾತು ತುಂಡಾಗುತ್ತಿತ್ತು. ಮುಂದಿನ ಸಿಗ್ನಲ್ ಒಂದು ಮೈಲಿ ಆಚೆ, ಸೋಮವ್ವನ ಮಂಡಿ ಅದಕ್ಕೆ ಒಪ್ಪುತ್ತಿರಲಿಲ್ಲ.

ಸೋಮವ್ವ ಬಾಥೆಲ್ ಗುಡಿಯಿಂದ ಒಂದು ತೆಂಗಿನಕಾಯಿ ತಂದು, ಬಟನ್ ಸರಿಯಾದ ದಿನ ಹನುಮಪ್ಪನಿಗೆ ಒಡೆಯುತ್ತೇನೆಂದು ಹರಕೆ ಹೊತ್ತು, ಚೀಲಕ್ಕೆ ಹಾಕಿಟ್ಟಳು. ತಮ್ಮ ಮಲ್ಲೇಶನಿಗೂ ಒಂದು ಗಡುವು ಕೊಟ್ಟಳು. "ದಸರಾದೊಳಗ ಆಗ್ಲಿಲ್ಲಂದ್ರ ಗದಗಿಗೆ ಟಿಕೆಟ್ ತೆಗಿ. ಗೋಡಿ ನೋಡ್ಕೋತ ಕುಂದ್ರಾಕ ಇಷ್ಟು ದೂರ ಬರಬೇಕಾಗಿತ್ತೇನು?"

ಸಾಕಿ ಬೆಳೆಸಿದ ಅಕ್ಕ. ಮಲ್ಲೇಶ ಕಂಗಾಲಾದ.

ಅವನ ಉದ್ಯೋಗ ಸಭೆ ನಡೆಸಿಕೊಡುವುದು. ಮದುವೆಗೆ ಪುರೋಹಿತರಿದ್ದಂತೆ ಇಲ್ಲಿನ ಕಚೇರಿಗಳ ಸಭೆಗೆ ಫೆಸಿಲಿಟೇಟರ್ ಅಂತ ಒಬ್ಬ ಇರುತ್ತಾನೆ. ಮದುವೆ ಅವನದಲ್ಲ, ಮುಹೂರ್ತ ಮೀರದ ಹಾಗೆ ನೋಡಿಕೊಳ್ಳುವುದಷ್ಟೇ ಅವನ ಹೊಣೆ. ಅದೃಷ್ಟವೋ ಹನುಮಪ್ಪನ ಕೃಪೆಯೋ, ಆ ಬಟನ್ನಿನ ಒಡೆತನವಿದ್ದ ಉತ್ತರ ಸರೋವರ ಪಾದಚಾರಿ ಪ್ರಾಧಿಕಾರವೇ ತನ್ನ ಆರು ಮಂದಿ ಹಿರಿಯ ಅಧಿಕಾರಿಗಳಿಗೆ ನಾಯಕತ್ವದ ತರಬೇತಿ ಕೊಡಲು ಅವನನ್ನು ಕರೆಯಿತು.

ಪ್ರಾಧಿಕಾರದಲ್ಲಿ ಜಗಳವಿರಲಿಲ್ಲ. ಇದ್ದಿದ್ದರೆ ಕೆಲಸ ಸುಲಭವಾಗುತ್ತಿತ್ತು. ಎಲ್ಲರೂ ವಿನಯವಂತರು. ಒಬ್ಬರು ಬಾಯಿ ತೆರೆದರೆ ಇನ್ನೊಬ್ಬರು ನೀವೇ ಮೊದಲು ಹೇಳಿ ಎನ್ನುವರು, ಅವರು ಛೆ, ನೀವೇ ಎನ್ನುವರು, ಅಷ್ಟರಲ್ಲಿ ಊಟದ ಹೊತ್ತಾಗುವುದು. ಬಟನ್ ಬಹಳ ಮುಖ್ಯ ಎಂಬ ನಿರ್ಣಯವನ್ನು ಅವರು ಅದಾಗಲೇ ಹನ್ನೊಂದು ಸಲ ಸರ್ವಾನುಮತದಿಂದ ಅಂಗೀಕರಿಸಿದ್ದರು.

ಇಂಥ ಕಡೆ ಮಲ್ಲೇಶ ಒಂದು ಉಣ್ಣೆಯ ಚೆಂಡು ಒಯ್ಯುತ್ತಿದ್ದ. ಚೆಂಡು ಯಾರ ಕೈಗೆ ಬಂತೋ ಅವರು ಮಾತಾಡಲೇಬೇಕು. ಮೊದಲ ಸಭೆಯ ದಿನ ಅವಸರದಲ್ಲಿ ಚೀಲ ಅದಲುಬದಲಾಯಿತು. ಕೈ ಹಾಕಿದರೆ ಬಂದದ್ದು ಅಕ್ಕನ ಹರಕೆಯ ಕಾಯಿ. ಆರು ಮಂದಿ ನೋಡುತ್ತಿದ್ದರು. ಮಲ್ಲೇಶ ಕಾಯಿಯನ್ನೇ ಮೇಜಿನ ಮೇಲಿಟ್ಟು, ಇದು ನೆಲ ಮುಟ್ಟಬಾರದು, ಬಟನ್ ಸರಿಯಾದ ದಿನ ಒಡೆಯತಕ್ಕದ್ದು ಎಂದು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟ.

ನಡವಳಿ ಬರೆಯುತ್ತಿದ್ದ ಬೆಂಗಳೂರಿನ ಸೌಜನ್ಯ ಮೆಲ್ಲಗೆ ಕೇಳಿದಳು. "ಸರ್, ಇದನ್ನ ಮಿನಿಟ್ಸಲ್ಲಿ ಏನಂತ ಹಾಕ್ಲಿ? ವಸ್ತು ಅಂತಾನಾ, ಹಾಜರಿದ್ದವರು ಅಂತಾನಾ?"

ಮಲ್ಲೇಶ ಬಾಯಿ ತೆರೆಯುವ ಮೊದಲೇ ಅವಳು ಹಾಜರಿದ್ದವರು ಎಂದು ಹಾಕಿದಳು. ಮರುದಿನ ಪ್ರಕಟಣೆ ಹೊರಟಿತು.

"ಒಂದು: ಕಾಯಿ ಹಿಡಿದವರು ಮಾತ್ರ ಮಾತನಾಡತಕ್ಕದ್ದು, ಅವರನ್ನು ಯಾರೂ ತಡೆಯತಕ್ಕದ್ದಲ್ಲ. ಎರಡು: ಕಾಯಿಯನ್ನು ನೆಲದ ಮೇಲೆ ಇಡತಕ್ಕದ್ದಲ್ಲ. ಮೂರು: ಬಟನ್ ದುರಸ್ತಿಯಾದ ದಿನ ಕಾಯಿ ಒಡೆಯತಕ್ಕದ್ದು, ಮತ್ತು ಕಾಯಿ ಒಡೆದ ದಿನವನ್ನೇ ಬಟನ್ ದುರಸ್ತಿಯಾದ ದಿನವೆಂದು ತಿಳಿಯತಕ್ಕದ್ದು."

ಮೂರನೆಯದರ ಉತ್ತರಾರ್ಧವನ್ನು ಸೇರಿಸಿದ್ದು ಕಾನೂನು ಅಧಿಕಾರಿ. ಕಾನೂನಿಗೆ ತಕ್ಕಡಿಯ ಎರಡೂ ತಟ್ಟೆ ಸಮ ಇರಬೇಕಂತೆ.

ಎರಡನೆಯ ನಿಯಮದ ಪ್ರಕಾರ ಕಾಯಿಗೆ ಒಂದು ಕುರ್ಚಿ ಕೊಟ್ಟರು. ಕುರ್ಚಿ ಕೊಟ್ಟ ಮೇಲೆ ಗುರುತಿನ ಚೀಟಿ ಕೊಡದಿರಲಾಗಲಿಲ್ಲ. ನಿರ್ದೇಶಕಿ ಮಾರ್ಲೀನ್ ಹಾಲ್ವರ್ಸನ್ ಪ್ರತಿ ಸಭೆಯ ಕೊನೆಗೆ ಅದನ್ನು ಕಿವಿಯ ಬಳಿ ಅಲುಗಾಡಿಸಿ ಕೇಳುತ್ತಿದ್ದರು. ಒಳಗೆ ನೀರು ಗುಳುಗುಳು ಎನ್ನುತ್ತಿತ್ತು. "ಇದಕ್ಕಿನ್ನೂ ಸಮಾಧಾನವಾಗಿಲ್ಲ" ಎಂದು ಸಭೆ ಮುಂದೂಡುತ್ತಿದ್ದರು. ಪ್ರಾಧಿಕಾರದ ಇತಿಹಾಸದಲ್ಲಿ ಭಿನ್ನಾಭಿಪ್ರಾಯ ದಾಖಲಾದದ್ದು ಅದೇ ಮೊದಲು. ಮಲ್ಲೇಶನ ತರಬೇತಿಯನ್ನು ಎಲ್ಲರೂ ಹೊಗಳಿದರು.

ಆಗಸ್ಟಿನಲ್ಲಿ ಸೋಮವ್ವ ಚೀಲ ತಡವಿದಳು.

"ನನ್ನ ಹರಕಿ ಕಾಯಿ ಎಲ್ಲೈತೋ?"

"ಕಚೇರ್ಯಾಗ ಐತಕ್ಕಾ. ಮೀಟಿಂಗ್‌ನ್ಯಾಗ ಕುಂತೈತಿ."

"ಕಾಯಿ ಮೀಟಿಂಗ್ ಮಾಡಾಕತ್ತೈತೇನು?"

"ಹೂಂ. ಅವರೆಲ್ಲರಕಿಂತ ಚಲೋ ಮಾಡತೈತಿ."

"ಹಂಗಾರ ನೀ ಯಾಕ ಬೇಕು?"

ಮರುದಿನ ಮಲ್ಲೇಶ ನೇರ ಕಚೇರಿಗೆ ಹೋದ.

ಕಾಯಿ ವಾಪಸು ಕೊಡಿ ಎಂದರೆ, ಹಾಲಿ ಸದಸ್ಯರನ್ನು ಹಾಗೆಲ್ಲ ಮನೆಗೆ ಕಳಿಸಲು ಬರುವುದಿಲ್ಲವೆಂದು ಉತ್ತರ ಬಂತು. ಆದರೆ ಸಾರ್ವಜನಿಕರು ಯಾರೇ ಆಗಲಿ ಸಭೆಗೆ ಬಂದು ಮೂರು ನಿಮಿಷ ಮಾತನಾಡಬಹುದು, ಅದು ಇಲ್ಲಿನ ಕಾಯಿದೆ. ಸೆಪ್ಟೆಂಬರಿನ ಸಭೆಗೆ ಸೋಮವ್ವ ಇಳಕಲ್ ಸೀರೆ ಉಟ್ಟು ಬಂದಳು. ಹಿಂದಿನ ಸಾಲಿನಲ್ಲಿ ನಾನಿದ್ದೆ, ಅಲ್ಲಿ ಪುಕ್ಕಟೆ ಕಾಫಿ ಇರುತ್ತದೆ. ನಿರ್ದೇಶಕಿ ಎರಡೂ ಕೈಯಿಂದ ಕಾಯಿಯನ್ನು ಅವಳಿಗೆ ಒಪ್ಪಿಸಿದರು. ಸೋಮವ್ವ ಅಲುಗಾಡಿಸಿ ನೋಡಿದಳು. ಗುಳುಗುಳು ಕಡಿಮೆಯಾಗಿತ್ತು.

"ಇನ್ನೊಂದು ತಿಂಗಳ ಇಟ್ರ ಕೆಟ್ಟು ಹೊಕ್ಕೈತಿ. ಹನುಮಪ್ಪಗ ನಾನು ಹೇಳ್ಕೋತೀನಿ. ನಿಮ್ಮ ಕೈಲೆ ಆಗೂ ಕೆಲಸ ಅಲ್ಲಿದು."

ಮಲ್ಲೇಶ ಎದ್ದ. ತಡೆಯಬೇಕಿತ್ತು. ಆದರೆ ಕಾಯಿ ಹಿಡಿದವರನ್ನು ಯಾರೂ ತಡೆಯತಕ್ಕದ್ದಲ್ಲ. ಅವನು ಕೂತ. ಸೋಮವ್ವ ಮೇಜಿನ ಅಂಚಿಗೆ ಒಂದೇ ಏಟು ಹಾಕಿದಳು. ನೀರು ರಸ್ತೆಯ ನಕ್ಷೆಯ ಮೇಲೆಲ್ಲ ಹರಿಯಿತು. ಕಾಯಿ ಸರಿಯಾಗಿ ಎರಡು ಹೋಳಾಗಿತ್ತು.

ಸೌಜನ್ಯ ಗಡಿಯಾರ ನೋಡಿ ಬರೆದುಕೊಂಡಳು: ಹನ್ನೊಂದು ಗಂಟೆ ಹನ್ನೆರಡು ನಿಮಿಷ, ಬಟನ್ ದುರಸ್ತಿಯಾಯಿತು. ಆರು ಮಂದಿ ಎದ್ದು ಚಪ್ಪಾಳೆ ತಟ್ಟಿದರು. ಕಾನೂನು ಅಧಿಕಾರಿಯ ಕಣ್ಣಲ್ಲಿ ನೀರಾಡಿತು. ನನಗೂ ಒಂದು ಚೂರು ಸಿಕ್ಕಿತು.

ಸಂಜೆ ಮಲ್ಲೇಶ ಅಕ್ಕನ ಜೊತೆ ಹೋಗಿ ಬಟನ್ ಒತ್ತಿದ. ಕೆಂಪು ದೀಪ ಬೀಳಲಿಲ್ಲ. ಆಚೆಯಿಂದ ಜವರಮ್ಮ ಹಣೆ ಬಡಿದುಕೊಂಡಳು. ಮಲ್ಲೇಶ ಅಲ್ಲಿಂದಲೇ ಸೌಜನ್ಯಳಿಗೆ ಫೋನ್ ಮಾಡಿದ.

"ಸರ್, ರಿಪೇರಿ ಆಗಿರೋದನ್ನ ಮತ್ತೆ ರಿಪೇರಿ ಮಾಡಕ್ಕಾಗಲ್ಲ. ಫೈಲ್ ಕ್ಲೋಸ್ ಆಗೋಯ್ತು."

"ಅಲ್ಲಮ್ಮಾ, ಕೆಲಸಾನೇ ಮಾಡ್ತಿಲ್ಲ ಅದು."

"ಕೆಲಸ ಮಾಡೋದು ಬೇರೆ ವಿಷಯ, ಸರ್. ರಿಪೇರಿ ಆಗಿದೆ."

ದಸರೆಗೆ ಒಂಬತ್ತು ದಿನ ಉಳಿದಿತ್ತು. ಮರುದಿನ ಸೋಮವ್ವ ಇನ್ನೊಂದು ಕಾಯಿ ತಂದಳು, ಹನುಮಪ್ಪನಿಗೆ ಬಾಕಿ ಇತ್ತಲ್ಲ. ಗೂಟದಂತೆ ರಸ್ತೆಯ ಅಂಚಿಗೆ ನಿಂತು, ಹನುಮಪ್ಪನನ್ನು ನೆನೆದು, ಕಾಯಿಯನ್ನು ತಲೆಯ ಮೇಲೆತ್ತಿದಳು.

ಮೊದಲು ನಿಂತದ್ದು ಒಂದು ನೀಲಿ ಕಾರು. ಅದರಲ್ಲಿದ್ದವರು ಮಾರ್ಲೀನ್ ಹಾಲ್ವರ್ಸನ್. ಆ ಏಟು ಕಣ್ಣಾರೆ ಕಂಡವರು ನಿಲ್ಲದೆ ಏನು ಮಾಡಿಯಾರು? ಆಮೇಲೆ ಆರೂ ಸಾಲು ನಿಂತವು. ಸೋಮವ್ವ ಯಾವ ಅವಸರವೂ ಇಲ್ಲದೆ ದಾಟಿ ಬೆಂಚಿನ ಮೇಲೆ ಕೂತಳು.

"ಇಷ್ಟ್ ದಿನ ಆ ಕಡೆ ಏನ್ ಮಾಡ್ತಿದ್ದೆ ಕಣವ್ವ?" ಎಂದಳು ಜವರಮ್ಮ.

"ಸರಕಾರದ ಮರ್ಯಾದಿ ಕಾಯಾಕತ್ತಿದ್ದೆ."

ಅಕ್ಕಪಕ್ಕದ ಊರುಗಳಲ್ಲಿ ದಾಟುವವರು ಎತ್ತಿ ಹಿಡಿಯಲೆಂದು ಕಂಬಕ್ಕೆ ಡಬ್ಬ ಕಟ್ಟಿ ಕಿತ್ತಳೆ ಬಣ್ಣದ ಬಾವುಟ ಇಟ್ಟಿರುತ್ತಾರೆ. ಪ್ರಾಧಿಕಾರ ಡಬ್ಬ ಕಟ್ಟಿ ಕಾಯಿ ಇಟ್ಟಿತು. ಒಂದು ತೆಗೆದುಕೊಳ್ಳಿ, ಎತ್ತಿ ಹಿಡಿಯಿರಿ, ದಾಟಿ, ಆಚೆ ಡಬ್ಬದಲ್ಲಿ ಹಾಕಿ. ಈಗ ಓಡುವವರು, ನಾಯಿ ಹಿಡಿದವರು, ಮಗುವಿನ ಗಾಡಿ ತಳ್ಳುವವರು ಎಲ್ಲರೂ ಕಾಯಿ ಎತ್ತಿಕೊಂಡೇ ದಾಟುತ್ತಾರೆ. ಸಂಜೆಯ ಹೊತ್ತಿಗೆ ಕಾಯಿಗಳೆಲ್ಲ ಕೆರೆಯ ಕಡೆಯೇ ಸೇರುತ್ತವೆ, ಅದರಲ್ಲಿ ಒಂದೆರಡು ಜವರಮ್ಮನ ಚಟ್ನಿಗೂ ಸೇರುತ್ತವೆ. ಅವನ್ನು ಈಚೆಗೆ ತರುವ ಬಗೆಯ ಕುರಿತು ಅಧಿಕಾರಿಗಳ ಸಭೆ ನಡೆಯುತ್ತಿದೆ, ನಡೆಸಿಕೊಡುತ್ತಿರುವವನು ಮಲ್ಲೇಶ. ಗದಗಿನ ಟಿಕೆಟ್ಟಿನ ಮಾತನ್ನು ಅಕ್ಕ ಮತ್ತೆ ಎತ್ತಲಿಲ್ಲ. ಬಟನ್ನಿನ ಕೆಳಗೆ ಹಿತ್ತಾಳೆಯ ಫಲಕವಿದೆ: ದುರಸ್ತಿಯಾಗಿದೆ.

ನಂಬಿಕೆಯಿಲ್ಲದಿದ್ದರೆ ಬನ್ನಿ, ತೋರಿಸುತ್ತೇನೆ, ನಾನೂ ಕಾಯಿ ಹಿಡಿದು ಆ ಕಡೆಗೇ ಹೊರಟವನು. ಆದರೆ ಈ ಚಹಾದ ದುಡ್ಡು ಮಾತ್ರ ನೀವೇ ಕೊಟ್ಟುಬಿಡಿ. ರಸ್ತೆ ದಾಟುವವರೆಗೂ ಕಾಯಿ ಕೈಬಿಡುವ ಹಾಗಿಲ್ಲ, ಜೇಬಿಗೆ ಕೈ ಹಾಕುವುದಾದರೂ ಹೇಗೆ?