ಮೊದಲು ಔಟಾದದ್ದು ಕಾಲು

ಕಬಡ್ಡಿಗೆ ಹುತುತು ಎನ್ನುವ ಕಾಸರಕೋಡದ ತಂಡದವನೊಬ್ಬನಿಗೆ ಆ ಭಾನುವಾರ ಜ್ವರ ಬಂದದ್ದೇ ಎಲ್ಲ ರಾದ್ಧಾಂತಕ್ಕೂ ಮೂಲ.

ಮರದ ಮಿಲ್ಲಿನಲ್ಲಿ ದಿಮ್ಮಿ ಉರುಳಿ ನಾಗಪತಿಯ ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಆಚಾರಿ ಹಲಸಿನ ಮರದಲ್ಲಿ ಕೆತ್ತಿಕೊಟ್ಟ ಕಾಲನ್ನು ಚರ್ಮದ ಪಟ್ಟಿಯಿಂದ ಬಿಗಿದುಕೊಂಡು ಓಡಾಡುತ್ತಿದ್ದ. ಅವನನ್ನು ನಿಜವಾಗಿ ಕಾಡಿದ್ದು ಊರಿನವರ ಕರುಣೆ. ಕಂಡವರೆಲ್ಲ ‘ಪಾಪ’ ಎನ್ನುತ್ತಿದ್ದರು. ಹಳೆಯ ಗೆಳೆಯರು ಬಾಯಿತುಂಬ ಬೈಯುವುದನ್ನೂ ಬಿಟ್ಟಿದ್ದರು. ಇನ್ನೊಮ್ಮೆ ಅಂಕಣಕ್ಕಿಳಿದು ಆಟಗಾರ ಅನ್ನಿಸಿಕೊಳ್ಳಬೇಕೆಂಬ ಆಸೆ ಅವನಿಗೆ.

“ಜನ ಕಮ್ಮಿ ಅಲ್ದನಾ ಸುಕ್ರಾ? ನಾ ಬರ್ಲಾ?” ಎಂದ.

ತಂಡದ ನಾಯಕ ಸುಕ್ರ ತಲೆ ಕೆರೆದುಕೊಂಡ. “ಆತು, ಬಾ. ಬಿದ್ರೆ ನಂಗೆ ಬೈಬೇಡ ಮಾರಾಯಾ.”

ಎದುರಿಗೆ ಮಾವಳ್ಳಿ ತಂಡ. ಮೊದಲಿಗೇ ನಾಗಪತಿ ‘ಹುತುತು’ ಎನ್ನುತ್ತ ಒಂದೇ ಉಸಿರಿನಲ್ಲಿ ಅವರ ಅಂಕಣಕ್ಕೆ ನುಗ್ಗಿದ. ತೆಂಗಿನ ಬೊಡ್ಡೆಯಂಥ ಮಾಸ್ತಿ ಹಾರಿ ಬಂದು ಅವನ ಹಲಸಿನ ಕಾಲನ್ನೇ ತಬ್ಬಿಕೊಂಡ. ನಾಗಪತಿ ಸರಕ್ಕನೆ ಪಟ್ಟಿ ಬಿಚ್ಚಿ, ಉಸಿರು ಬಿಡದೆ ಕುಪ್ಪಳಿಸಿ ಗೆರೆ ದಾಟಿಬಿಟ್ಟ.

“ಹಿಡ್ದೆ!” ಎಂದು ಮಾಸ್ತಿ ಕಾಲನ್ನು ಎತ್ತಿ ತೋರಿಸಿದ.

“ಎಂತ ಹಿಡ್ದೆ? ನಾ ಇಲ್ಲಿದ್ನಲಾ!” ಎಂದು ನಾಗಪತಿ ಕೂಗಿದ.

“ಕಳ್ಳ! ಮೋಸಗಾರ! ಇನ್ನೊಂದ್ ಕಾಲೂ ಮುರೀತೆ ನೋಡು!” ಎಂದು ಮಾವಳ್ಳಿಯವರು ಹಿಗ್ಗಾಮುಗ್ಗಾ ಬೈದರು. ನಾಗಪತಿಗೆ ಖುಷಿಯಿಂದ ಕಣ್ಣು ತುಂಬಿ ಬಂತು. ಒಬ್ಬರ ಬಾಯಲ್ಲೂ ‘ಪಾಪ’ ಇಲ್ಲ! ಒಂಟಿ ಕಾಲಿನ ಮೇಲೆ ಕುಣಿಯುತ್ತ ಅವನೂ ಮನಸಾರೆ ಬೈದ.

ಅಂಪೈರು ಅನಂತಮೂರ್ತಿ ಮಾಸ್ತರು ಎರಡೂ ಕಡೆಯವರನ್ನು ಸಮಾಧಾನ ಮಾಡಲು ಹೋಗಿ ತೀರ್ಪು ಕೊಟ್ಟರು: “ಸಿಕ್ಕಿದ್ದು ಕಾಲು, ಗೆರೆ ದಾಟಿದ್ದು ನಾಗಪತಿ. ಕಾಲು ಔಟು. ನಾಗಪತಿ ಆಡ್ಲಿ, ಮಾಸ್ತಿಯೂ ಆಡ್ಲಿ.”

ಕಾಲು ಹೊರಗೆ ಕೂತಿತು. ನಾಗಪತಿ ಕುಪ್ಪಳಿಸುತ್ತಲೇ ಇಬ್ಬರನ್ನು ಮುಟ್ಟಿ ಬಂದ. ಕೊನೆಗೆ ಸಿಕ್ಕಿಬಿದ್ದು ಹೊರಗೆ ಹೋಗುವಾಗ ಜನ ಸಿಳ್ಳೆ ಹೊಡೆದರು.

ಆಟ ಬಿಗಿಯಾಯಿತು. ಕಾಸರಕೋಡದ ಕಡೆ ಸುಕ್ರ ಒಬ್ಬನೇ ಉಳಿದ. ಅವನು ಒಬ್ಬನನ್ನು ಔಟು ಮಾಡಿದ್ದೇ ಮಾವಳ್ಳಿಗೂ ಮಾಸ್ತಿಯೊಬ್ಬನೇ ಗತಿಯಾದ. ನಿಯಮದಂತೆ ಕಾಸರಕೋಡದ ಒಬ್ಬರಿಗೆ ಮರುಜೀವ. ನಾಗಪತಿ ಎದ್ದೇಬಿಟ್ಟ.

“ಕೂತ್ಕಳಾ!” ಎಂದ ಮಾಸ್ತಿ. “ಮೊದ್ಲು ಔಟಾದವ್ರಿಗೆ ಮೊದ್ಲು ಜೀವ. ಮೊದ್ಲು ಔಟಾದದ್ದು ಕಾಲು. ಹೌದಲಾ ಮಾಸ್ತರ್ರೇ?”

ಮರದ ತುಂಡು ಏನು ಮಾಡೀತು ಎಂಬ ಧೈರ್ಯ ಅವನದು. ಮಾಸ್ತರು ತಮ್ಮ ತೀರ್ಪಿಗೆ ತಾವೇ ಸಿಕ್ಕಿಬಿದ್ದು ತಲೆಯಾಡಿಸಿದರು.

ಕಾಲನ್ನು ಮರಳಿನಲ್ಲಿ ಹುಗಿದು ಅಂಕಣದ ನಡುವೆ ನಿಲ್ಲಿಸಲಾಯಿತು. ಮಾಸ್ತಿ ‘ಹುತುತು’ ಎನ್ನುತ್ತ ಬಂದವನು ಮೊದಲು ಇದನ್ನೇ ಉರುಳಿಸೋಣವೆಂದು ಬೀಸಿ ಒದ್ದ. ಅವನ ಪಾದ ಚರ್ಮದ ಪಟ್ಟಿಯೊಳಗೆ ಸಿಕ್ಕಿಕೊಂಡಿತು. ಧೊಪ್ಪನೆ ಬಿದ್ದ, ಸುಕ್ರ ಅವನ ಮೇಲೆ ಕೂತ, ಹುತುತು ನಿಂತಿತು. ಮಾವಳ್ಳಿ ಸೋತಿತು.

ಜನ ಹೋ ಎಂದು ನುಗ್ಗಿ, ಕಾಲಿಗೆ ಹಾರ ಹಾಕಿ, ಹೆಗಲಿಗೇರಿಸಿಕೊಂಡು ಹೊರಟರು. ನಾಗಪತಿ ಹಿಂದೆ ಕುಪ್ಪಳಿಸಿದ. ಆಗ ಆಟ ನೋಡಲು ಬಂದಿದ್ದ ಕುಮಟೆ ತಂಡದ ಯಜಮಾನರು ನೇರ ಅವನ ಬಳಿಗೇ ಬಂದು ಕೈ ಮುಗಿದರು.

“ನಾಡಿದ್ದು ನಮ್ಮಲ್ಲಿ ದೊಡ್ಡ ಮ್ಯಾಚು ಉಂಟು. ನೀವು ಇಲ್ಲ ಅನ್ಬಾರ್ದು.”

ನಾಗಪತಿಯ ಎದೆ ಉಬ್ಬಿತು. “ಬತ್ತೆ, ಖಂಡಿತ ಬತ್ತೆ!”

“ಛೆ ಛೆ, ಕಾಲಿಲ್ದೆ ನೀವು ಅಷ್ಟು ದೂರ ಹ್ಯಾಂಗೆ ಬರ್ತ್ರಿ?” ಎಂದರು ಯಜಮಾನರು. “ಆ ಕಾಲನ್ನ ಬಸ್ ಕಂಡಕ್ಟರ್ ಕೈಲಿ ಕೊಟ್ಟು ಕಳ್ಸಿ, ಸಾಕು.”